ಕುಟ್ಟಾಣಿಯ ಸದ್ದು

ಕಳೆದ ಮೇ ರಜೆಯಲ್ಲಿ ಮಗಳು ಬೆಂಗಳೂರಿನಿಂದ ಬಂದಿದ್ದಳು. ಜೊತೆಯಲ್ಲಿ ಏಳು ವರ್ಷದ ಮೊಮ್ಮಗಳು. ಮಂಗಳೂರಿನ ಮೇ ತಿಂಗಳ ಸೆಕೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಫ್ಯಾನಿನ ಕೆಳಗೂ ಬೆವರು ಹರಿಯುವ ಆ ರಾತ್ರಿಗಳಲ್ಲಿ ಈ ಹುಡುಗಿ ಕುತ್ತಿಗೆಯವರೆಗೆ ಹೊದಿಕೆ ಎಳೆದುಕೊಂಡು, ಗೋಡೆಗೆ ಬೆನ್ನು ತಾಗಿಸಿ ಮಲಗುತ್ತಿದ್ದಳು. ಕಾಲು ಮಂಚದಿಂದ ಹೊರಗೆ ಚಾಚುವಂತಿಲ್ಲ. "ಅಜ್ಜಾ, ಮಂಚದ ಅಡಿಯಿಂದ ಏನಾದರೂ ಬಂದು ಎಳೆದರೆ?" ಎಂದು ಕೇಳಿದಳು. ನಮ್ಮದು ಬಿಜೈಯಲ್ಲಿ ಆರನೆಯ ಮಹಡಿಯ ಮನೆ. "ಇಲ್ಲಿಗೆ ಇರುವೆ ಹತ್ತಿ ಬರುವುದೇ ಕಷ್ಟ ಮಾರಾಯ್ತಿ" ಎಂದು ನಕ್ಕುಬಿಟ್ಟೆ. ನಕ್ಕ ಮರುಕ್ಷಣ ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಮುಖ ನೆನಪಾಯಿತು. ಅವನ ವಿಷಯ ಆಮೇಲೆ ಹೇಳುತ್ತೇನೆ.

ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನಿಗೆ ನಗುವಿಗಿಂತ ಒಳ್ಳೆಯ ಉತ್ತರ ತಿಳಿದಿರಬೇಕಿತ್ತು. ನಮ್ಮ ಪೂರ್ವಜರು ಕೋಟ್ಯಂತರ ವರ್ಷ ಮರದ ಮೇಲೆ ಮಲಗಿದವರು. ಮನೆ, ಬಾಗಿಲು, ಚಿಲಕ ಇವೆಲ್ಲ ನಿನ್ನೆ ಮೊನ್ನೆಯವು. ನಮ್ಮ ತೋಟಗಳಿಗೆ ಬರುವ ಮಂಗಗಳನ್ನೇ ನೋಡಿ. ಬಂಡೀಪುರಕ್ಕೆ ತಾಗಿರುವ ಮುದುಮಲೆ ಕಾಡಿನಲ್ಲಿ ಈ ಜಾತಿಯ ಮಂಗಗಳು ಎಲ್ಲಿ ಮಲಗುತ್ತವೆ ಎಂಬುದನ್ನು ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದರು. ಸುತ್ತಲಿನವುಗಳಿಗಿಂತ ಎತ್ತರದ ಮರಗಳನ್ನೇ ಅವು ಆರಿಸಿಕೊಳ್ಳುತ್ತವೆ. ಕಾರಣ ಚಿರತೆ.

ನಿದ್ದೆ ಹತ್ತುತ್ತಿರುವಾಗ ಎಲ್ಲಿಂದಲೋ ಬಿದ್ದಂತಾಗಿ ಮೈ ಬೆಚ್ಚುವುದು ಎಲ್ಲರಿಗೂ ಅನುಭವದ ಮಾತು. ಕೊಂಬೆಯಿಂದ ಜಾರುವ ಭಯದ ಉಳಿಕೆ ಅದು ಎನ್ನುವವರಿದ್ದಾರೆ. ಎಚ್ಚರದಿಂದ ನಿದ್ರೆಗೆ ಇಳಿಯುವಾಗ ನರಮಂಡಲದಲ್ಲಾಗುವ ಸಣ್ಣ ತೊಡಕು, ಅಷ್ಟೇ ಎನ್ನುವವರೂ ಇದ್ದಾರೆ. ಉತ್ತರಪತ್ರಿಕೆಯಲ್ಲಿ 'ಇದು ಊಹೆ' ಎಂದು ಬರೆದವರಿಗೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಆದರೆ ಹಸುಗೂಸನ್ನು ತೊಟ್ಟಿಲಿಗೆ ಇಳಿಸುವಾಗ ಅದು ಎರಡೂ ತೋಳು ಚಾಚಿ ಏನನ್ನೋ ತಬ್ಬಿಕೊಳ್ಳಲು ಹೊರಡುತ್ತದಲ್ಲ, 1918ರಲ್ಲಿ ಅದನ್ನು ವಿವರಿಸಿದ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೋ ಕೂಡ ತಾಯಿಯನ್ನು ಅಪ್ಪಿ ಹಿಡಿಯುವ ಮರಿಗಳನ್ನೇ ನೆನೆದರು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಪರಊರಿಗೆ ಹೋದಾಗ ಮೊದಲ ರಾತ್ರಿ ನನಗೆ ಎಂದೂ ಸರಿಯಾಗಿ ನಿದ್ದೆ ಬಂದದ್ದಿಲ್ಲ. ತಿಗಣೆಯನ್ನು ದೂರುತ್ತಿದ್ದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ರಿಸುವುದಿಲ್ಲವೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ್ದು 2017ರ ಒಂದು ವರದಿ. ಟಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಜನಾಂಗದ 33 ವಯಸ್ಕರ ನಿದ್ರೆಯನ್ನು 20 ದಿನ ಅಳೆದರು. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿದ್ರಿಸಿದ್ದು ಕೇವಲ 18 ನಿಮಿಷ! ಕಾವಲಿಗೆಂದು ಯಾರನ್ನೂ ನೇಮಿಸಿರಲಿಲ್ಲ. ಎಳೆಯರು ತಡವಾಗಿ ಮಲಗುವರು, ವಯಸ್ಸಾದವರು ಬೇಗ ಮಲಗಿ ಬೇಗ ಏಳುವರು. ಹೀಗೆ ಯಾರೋ ಒಬ್ಬರು ಸದಾ ಎಚ್ಚರ. ಮುದುಕರ ನಿದ್ದೆಗೇಡಿತನ ರೋಗವಲ್ಲ, ಗುಂಪಿಗೆ ಒದಗಿದ ಕಾವಲು ಇರಬಹುದು ಎಂಬುದು ಆ ಸಂಶೋಧಕರ ಊಹೆ.

ಓದುವಾಗ ಬಂಟ್ವಾಳ ತಾಲೂಕಿನ ನಮ್ಮ ಮಣ್ಣಗೋಡೆಯ ಮನೆ ಕಣ್ಣಿಗೆ ಬಂತು. ಕರೆಂಟು ಇರಲಿಲ್ಲ. ಚಿಮಿಣಿ ದೀಪ ಆರಿದರೆ ಗವ್ವೆನ್ನುವ ಕತ್ತಲು, ಮಾಡಿನ ಮೇಲೆ ಆಟಿಯ ಮಳೆ. ನಾವು ಆರು ಮಕ್ಕಳು ಒಂದೇ ಚಾಪೆಯ ಸಾಲಿನಲ್ಲಿ. ಹಲ್ಲಿಲ್ಲದ ಅಜ್ಜಿ ನಡುರಾತ್ರಿ ಎದ್ದು ಕೂತು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ಟಕ್, ಟಕ್, ಟಕ್. ಆ ಸದ್ದು ಕೇಳಿದರೆ ನಾವು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಿದ್ದೆವು. "ನನಗೆ ನಿದ್ದೆಯೇ ಬರುವುದಿಲ್ಲ" ಎಂದು ಅವರು ಬೆಳಿಗ್ಗೆ ಗೊಣಗುತ್ತಿದ್ದರು. ಅದಕ್ಕೊಂದು ಉಪಯೋಗವಿತ್ತೆಂದು ಅವರಿಗೆ ಯಾರೂ ಹೇಳಲಿಲ್ಲ.

ಈಗ ನನಗೂ ಎರಡೂವರೆಗೆ ಎಚ್ಚರವಾಗುತ್ತದೆ. ಮೊಮ್ಮಗಳಿದ್ದಷ್ಟು ದಿನವೂ ಕತ್ತಲಲ್ಲಿ ಒಂದು ಸಣ್ಣ ದನಿ ಕೇಳುತ್ತಿತ್ತು: "ಅಜ್ಜಾ, ಎಚ್ಚರ ಇದ್ದೀರಾ?" "ಇದ್ದೇನೆ ಮಗಾ" ಎಂದರೆ ಸಾಕು, ನಿಮಿಷದೊಳಗೆ ಅವಳ ಉಸಿರು ನಿಧಾನವಾಗುತ್ತಿತ್ತು.

ಇನ್ನು ಆ ಹುಡುಗ. ಘಟ್ಟದ ಮೇಲಿನಿಂದ ಬಂದು ಹಾಸ್ಟೆಲಿನಲ್ಲಿದ್ದವನು. ತರಗತಿಯಲ್ಲಿ ತೂಕಡಿಸಿದ್ದಕ್ಕೆ ಎಬ್ಬಿಸಿ ಕೇಳಿದೆ. "ದೀಪ ಆರಿಸಿದರೆ ಹೆದರಿಕೆಯಾಗುತ್ತದೆ ಸರ್, ನಿದ್ದೆ ಬರುವುದಿಲ್ಲ" ಎಂದ. "ಮೀಸೆ ಬರುವ ಹೊತ್ತಾಯಿತು, ಗುಮ್ಮ ಹಿಡಿಯುತ್ತದೆಯೋ?" ಎಂದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ವರ್ಷಾಂತ್ಯದವರೆಗೆ ಅವನ ಅಡ್ಡಹೆಸರು ಗುಮ್ಮ ಎಂದೇ ಉಳಿಯಿತು. ಹತ್ತನೆಯ ತರಗತಿಗೆ ಅವನು ನಮ್ಮ ಶಾಲೆಗೆ ಬರಲಿಲ್ಲ. ಯಾಕೆಂದು ನಾನು ವಿಚಾರಿಸಲೂ ಇಲ್ಲ.

ಅವನ ಹೆಸರು ನನಗೆ ನೆನಪಿದೆ. ಇಲ್ಲಿ ಬರೆಯುವುದು ತರವಲ್ಲ. ಆ ವರ್ಷ ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ನಿಮ್ಮಲ್ಲಿ ಯಾರಿಗಾದರೂ ಅವನು ಎಲ್ಲಿದ್ದಾನೆಂದು ತಿಳಿದಿದ್ದರೆ ನನಗೆ ಒಂದು ಸಾಲು ಬರೆಯಿರಿ. ರಾತ್ರಿ ಎರಡೂವರೆಯ ಮೇಲೆ ಫೋನ್ ಮಾಡಿದರೂ ಎತ್ತುತ್ತೇನೆ.