ಮೂವತ್ತಾರು ಚಿತ್ರಗಳಲ್ಲಿ ಒಂದು ತಾಲೂಕು

ಬೆಳ್ತಂಗಡಿ ಪೇಟೆಗೆ ಅಂಟಿಕೊಂಡೇ ಇರುವ ಗ್ರಾಮ ಲಾಯಿಲ. ಪೇಟೆ ಎಲ್ಲಿ ಮುಗಿಯಿತು, ಲಾಯಿಲ ಎಲ್ಲಿ ಶುರುವಾಯಿತು ಎಂಬುದು ಬಸ್ಸಿನ ಕಂಡಕ್ಟರನಿಗೆ ಗೊತ್ತಿರಬಹುದು. ಪರವೂರಿನವರಿಗೆ ತಿಳಿಯುವುದು ಕಷ್ಟ. ಹೆಸರುವಾಸಿ ಪ್ರವಾಸಿ ತಾಣವೇನೂ ಇದಲ್ಲ. ಆದರೆ ಇಲ್ಲಿ ಉಳಿದುಕೊಂಡವರಿಗೆ ಗಡಾಯಿಕಲ್ಲು, ಚಾರ್ಮಾಡಿ ಘಾಟಿ, ವೇಣೂರಿನ ಬಾಹುಬಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಧರ್ಮಸ್ಥಳ ಎಲ್ಲವೂ ಬೆಳಗ್ಗೆ ಹೊರಟು ಸಂಜೆಗೆ ಮರಳುವಷ್ಟು ಹತ್ತಿರ. ಫಿಲ್ಮ್ ಕ್ಯಾಮೆರಾ ಹೆಗಲಿಗೇರಿಸಿ ಹೊರಟ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಅಪರೂಪ. ಬಿಸಿಲು, ಮಂಜು, ಕತ್ತಲೆ, ಕರಿಕಲ್ಲು, ಮಳೆ ಎಂದು ಬೆಳಕಿನ ಎಲ್ಲ ತಕರಾರುಗಳೂ ಇಲ್ಲಿ ಒಂದೇ ತಾಲೂಕಿನ ಆಸುಪಾಸಿನಲ್ಲಿ ಎದುರಾಗುತ್ತವೆ.

ಮೊಬೈಲಿನಲ್ಲಿ ದಿನಕ್ಕೆ ಇನ್ನೂರು ಚಿತ್ರ ಹೊಡೆಯುವ ಇಂದಿನ ಮಕ್ಕಳಿಗೆ ಒಂದು ರೋಲಿಗೆ ಮೂವತ್ತಾರೇ ಚಿತ್ರ ಎಂದರೆ ನಗು ಬರಬಹುದು. ಅವರ ಅಪ್ಪ ಅಮ್ಮಂದಿರಿಗೆ ನಗು ಬರಲಾರದು. ಶಾಲಾ ಪ್ರವಾಸಕ್ಕೆ ಹೊರಟಾಗ ಇಡೀ ತರಗತಿಗೆ ಇರುತ್ತಿದ್ದುದು ಒಂದೋ ಎರಡೋ ಕ್ಯಾಮೆರಾ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3, ಆಮೇಲೆ ‘ಖಟಕ್’ ಎಂಬ ಜಾಹೀರಾತಿನಿಂದ ಮನೆಮಾತಾದ ಹಾಟ್ ಶಾಟ್, ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಯಾಶಿಕಾ. ಫಿಲ್ಮಿನಲ್ಲಿಯೂ ಸ್ವದೇಶಿ ಇತ್ತು. 1960ರಲ್ಲಿ ಊಟಿಯಲ್ಲಿ ಆರಂಭವಾದ ಸರಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮ್ ಮಾರುತ್ತಿತ್ತು. ಫಿಲ್ಮಿಗೆ ಧೂಳು ಮತ್ತು ಸೆಕೆ ಎರಡೂ ಶತ್ರುಗಳು. ಊಟಿಯ ತಂಪು ಹವೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಆ ಕಾರ್ಖಾನೆ ಈಗಿಲ್ಲ.

ರೋಲು ಮುಗಿಯುವವರೆಗೆ ತೊಳೆಸುವಂತಿಲ್ಲ. ಆದ್ದರಿಂದ ಪ್ರವಾಸದಲ್ಲಿ ಉಳಿದ ನಾಲ್ಕೈದು ಚಿತ್ರಗಳು ತಂಗಿಯ ಹುಟ್ಟುಹಬ್ಬಕ್ಕೋ, ಅಂಗಳದ ಹಸುವಿಗೋ ಮೀಸಲಾಗುತ್ತಿದ್ದವು. ಒಂದೇ ನೆಗೆಟಿವ್ ಪಟ್ಟಿಯಲ್ಲಿ ಬಾಹುಬಲಿಯ ಪಕ್ಕ ಮನೆಯ ಕರು ನಿಂತಿರುವುದು ಇದರಿಂದಲೇ!

ಮೊದಲು ಗಡಾಯಿಕಲ್ಲು. ಟಿಪ್ಪು ಸುಲ್ತಾನ್ 1794ರಲ್ಲಿ ಈ ಬಂಡೆಯ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಕರೆದ. 1799ರಲ್ಲಿ ಅದು ಬ್ರಿಟಿಷರ ಕೈಸೇರಿತು. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಕ್ಯಾಮೆರಾ ಹುಟ್ಟಲು ಇನ್ನೂ ಕಾಲವಿತ್ತು. ಮೇಲೇರಲು ಇರುವುದು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಒಂದೇ ದಾರಿ. ಇದು ಈಗ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ಅನುಮತಿಯಿಲ್ಲದೆ ಹತ್ತುವಂತಿಲ್ಲ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಆಗ ಕೆಳಗಿನಿಂದಲೇ ನೋಡುವುದು ಕ್ಷೇಮ.

ಈ ಕಲ್ಲು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಬೆಳಕಿನ ಮಾಪಕ ಎದುರಿಗಿರುವುದೆಲ್ಲ ನಡುಬೂದಿ ಬಣ್ಣದ್ದೆಂದೇ ತಿಳಿದು ಲೆಕ್ಕ ಹಾಕುವ ಯಂತ್ರ. ಕರಿಬಂಡೆಯನ್ನು ತುಂಬಿಸಿ ಹಿಡಿದರೆ ಬೆಳಕು ಸಾಲದೆಂದು ಹೆಚ್ಚು ಬೆಳಕು ಒಳಬಿಡುತ್ತದೆ. ಬಂಡೆ ಬೂದಿಯಾಗಿ ಆಕಾಶ ಬಿಳಿಚಿಕೊಳ್ಳುತ್ತದೆ. ಮಾಪಕವೇ ಇಲ್ಲದ ಹಳಬರು ಒಂದು ಸರಳ ಸೂತ್ರ ನೆಚ್ಚಿಕೊಂಡಿದ್ದರು. ನಿಚ್ಚಳ ಬಿಸಿಲಿನಲ್ಲಿ ಮಸೂರದ ಬಾಯಿ 16ಕ್ಕೆ, ಶಟರಿನ ವೇಗ ಫಿಲ್ಮಿನ ವೇಗದ ಸಂಖ್ಯೆಗೆ ಹತ್ತಿರ. ಅಂದರೆ 100ರ ಫಿಲ್ಮಿಗೆ ಸೆಕೆಂಡಿನ 125ನೇ ಒಂದು ಭಾಗ. ಮಾಪಕ ಕೆಟ್ಟರೂ ಈ ಸೂತ್ರ ಕೆಡುವುದಿಲ್ಲ.

ಚಾರ್ಮಾಡಿಯಲ್ಲಿ ಇದೇ ಪಾಠ ತಿರುಗುಮುರುಗು. ಘಾಟಿಯ ತಿರುವಿನಲ್ಲಿ ಮಂಜು ಕವಿದಾಗ ಮಾಪಕ ಬಿಳಿಯನ್ನು ಬೂದಿ ಮಾಡಲು ಹೊರಡುತ್ತದೆ. ಮನೆಗೆ ಬಂದು ನೋಡಿದರೆ ಮಂಜಿನ ಬದಲು ಅಡುಗೆಮನೆಯ ಹೊಗೆ! ಆಗ ಒಂದು ಹಂತ ಹೆಚ್ಚು ಬೆಳಕು ಕೊಡಬೇಕು. ನೆಗೆಟಿವ್ ಫಿಲ್ಮು ಹೆಚ್ಚು ಬೆಳಕನ್ನು ಸಹಿಸಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ. ಸ್ಲೈಡ್ ಫಿಲ್ಮಿನ ಸ್ವಭಾವ ನೇರ ಇದಕ್ಕೆ ವಿರುದ್ಧ. ಈ ಘಾಟಿ ಹತ್ತಿದರೆ ಮೂಡಿಗೆರೆ ಸೀಮೆ. ಅಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಫಿಲ್ಮಿನ ಕಾಲದಲ್ಲೇ ತೋಟದ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು. ಕುಳಿತಲ್ಲಿ ಕೂರದ ಹಕ್ಕಿಯನ್ನು ಚಿತ್ರ ಸರಿಬಂತೋ ಇಲ್ಲವೋ ತಿಳಿಯದೆ ಹಿಡಿಯುವುದು ಎಂಥ ತಾಳ್ಮೆಯ ಕೆಲಸವೆಂದು ಹೇಳಬೇಕಾಗಿಲ್ಲ.

ವೇಣೂರಿನ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ. ಸುಮಾರು 35 ಅಡಿ ಎತ್ತರ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಪಾದ ದೊಡ್ಡದಾಗಿ ತಲೆ ಚಿಕ್ಕದಾಗುತ್ತದೆ. ಹಿಂದೆ ಸರಿದಷ್ಟೂ ಮೂರ್ತಿ ತನ್ನ ಅಳತೆಗೆ ಬರುತ್ತದೆ. ಮೂಡುಬಿದಿರೆಯ 1430ರ ಬಸದಿಯೊಳಗೆ ಬೇರೆಯೇ ಕಷ್ಟ. ಹೊರಗಿನ ಬಿಸಿಲಿನಿಂದ ಒಳಹೊಕ್ಕ ಕಣ್ಣು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ, 100ರ ಫಿಲ್ಮು ಹೊಂದಿಕೊಳ್ಳುವುದಿಲ್ಲ. ಕೆತ್ತನೆಯ ಕಂಬಗಳು ಬೇಕಿದ್ದರೆ ಮೂರುಕಾಲಿನ ಸ್ಟ್ಯಾಂಡು ಬೇಕು, ಅದಕ್ಕೂ ಮುಂಚೆ ಅಲ್ಲಿಯವರ ಒಪ್ಪಿಗೆ ಬೇಕು.

ಇಷ್ಟೆಲ್ಲ ಕಲಿತವರನ್ನೂ ಸೋಲಿಸುವುದು ಇಲ್ಲಿಯ ಮಳೆ. ಆಟಿ ತಿಂಗಳಲ್ಲಿ ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಕ್ಯಾಮೆರಾ ಚೆನ್ನಾಗಿರುತ್ತದೆಂದು ನಂಬುವುದು ಹೇಗೆ? ಚರ್ಮದ ಚೀಲದೊಳಗೆ ಮುಚ್ಚಿಟ್ಟ ಮಸೂರಕ್ಕೆ ಜೇಡರ ಬಲೆಯಂತೆ ಬೂಸ್ಟು ಹಿಡಿಯುತ್ತದೆ. ಚರ್ಮ ತೇವ ಹೀರಿ ಹಿಡಿದಿಡುವುದರಿಂದ ಆ ಚೀಲವೇ ಮಸೂರಕ್ಕೆ ವೈರಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಇದಕ್ಕೆ ಪರಿಹಾರ. ಸಿಲಿಕಾ ಜೆಲ್ ಸಿಗದಿದ್ದರೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೂ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ಬೂಸ್ಟಿಗೆ ಫಿಲ್ಮೂ ರುಚಿಯೇ. ಫಿಲ್ಮಿನ ಮೇಲಿರುವುದು ದನದ ಎಲುಬು, ಚರ್ಮಗಳಿಂದ ತೆಗೆದ ಜೆಲಟಿನ್ ಪದರ. ಅದರೊಳಗೆ ಬೆಳ್ಳಿಯ ಲವಣದ ಹರಳುಗಳು. ಬೆಳಕು ತಾಗಿದ ಹರಳಿನಲ್ಲಿ ಕಣ್ಣಿಗೆ ಕಾಣದ ಗುರುತು ಮೂಡುತ್ತದೆ. ಕತ್ತಲೆ ಕೋಣೆಯ ಡೆವಲಪರ್ ಆ ಗುರುತಿರುವ ಹರಳುಗಳನ್ನು ಮಾತ್ರ ಕಪ್ಪು ಬೆಳ್ಳಿಯಾಗಿಸುತ್ತದೆ. ಹೈಪೋ ಉಳಿದದ್ದನ್ನು ಕರಗಿಸಿ ತೆಗೆಯುತ್ತದೆ. ಹೈಪೋ ಸರಿಯಾಗಿ ತೊಳೆದುಹೋಗದಿದ್ದರೆ ಚಿತ್ರ ವರ್ಷಗಳ ಮೇಲೆ ಹಳದಿಗಟ್ಟುತ್ತದೆ. ಪ್ರೌಢಶಾಲೆಯ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಸೊಗಸಾದ ಪ್ರಯೋಗ ಮತ್ತೊಂದಿರಲಾರದು.

ಪ್ರವಾಸದ ಚಿತ್ರವೆಂದರೆ ಬರೀ ನೆನಪಿನ ಗೀಳು ಎನ್ನುವವರು ಹಂಪಿಯ ಕಥೆ ಕೇಳಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಅವನ ಚಿತ್ರದಲ್ಲಿ ವಿಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಅದಿಲ್ಲ. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ರಥಕ್ಕೂ ಅದಿಲ್ಲ. ಗೋಪುರ ಹೇಗಿತ್ತೆಂದು ಇಂದು ನೋಡಲು ಸಾಧ್ಯವಾಗಿರುವುದು ಆ ಮೇಣಗಾಗದ ಉಳಿದುಬಂದದ್ದರಿಂದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬ ಲೆಕ್ಕ ಸಿಗುತ್ತದೆ.

ಲಾಯಿಲದ ಆಸುಪಾಸಿಗೂ ಇಂಥದೇ ಲೆಕ್ಕ ಬೇಕಾಗಿದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿ ಪ್ರವಾಹ ನುಗ್ಗಿತು. ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಕುಸಿಯುವ ಮುಂಚೆ ಆ ಇಳಿಜಾರು ಹೇಗಿತ್ತು? ಹೊಳೆ ಎಲ್ಲಿ ಹರಿಯುತ್ತಿತ್ತು? ಎಲ್ಲಿ ಗದ್ದೆಯಿತ್ತು, ಎಲ್ಲಿ ರಬ್ಬರ್ ಬಂತು? ಉತ್ತರ ಸರಕಾರಿ ಕಡತದಲ್ಲಿ ಎಷ್ಟಿದೆಯೋ, ಮನೆಗಳ ಕಪಾಟಿನಲ್ಲಿರುವ ನೆಗೆಟಿವ್‌ಗಳಲ್ಲಿಯೂ ಅಷ್ಟೇ ಇರಬಹುದು. ಘಾಟಿಯ ತಿರುವಿನಲ್ಲಿ ಸಾಲಾಗಿ ನಿಂತ ಸಹಪಾಠಿಗಳ ಬೆನ್ನ ಹಿಂದೆ ಆ ಗುಡ್ಡ ತನ್ನ ಪಾಡಿಗೆ ನಿಂತಿರುತ್ತದೆ.

ಆಲ್ಬಮ್ಮನ್ನು ಜೋಪಾನ ಮಾಡಿದವರೂ ನೆಗೆಟಿವ್ ಪಟ್ಟಿಗಳನ್ನು ಕಡೆಗಣಿಸಿದ್ದುಂಟು. ಬಣ್ಣದ ಪ್ರಿಂಟು ಮಾಸುತ್ತದೆ. ನೆಗೆಟಿವ್ ಇದ್ದರೆ ಮತ್ತೆ ಪ್ರಿಂಟ್ ಹಾಕಿಸಬಹುದು. ಪಟ್ಟಿಯಿಂದ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಹಾಳೆ ಕೊಳೆಯತೊಡಗಿದೆ ಎಂದರ್ಥ. ಅಂಥದನ್ನು ಉಳಿದವುಗಳಿಂದ ಕೂಡಲೇ ಬೇರೆ ಮಾಡಿ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು. ವಾಸನೆಯಿಲ್ಲದ್ದನ್ನು ಅಂಚಿನಲ್ಲಷ್ಟೇ ಹಿಡಿದು, ಪ್ಲಾಸ್ಟಿಕ್ ಬಿಟ್ಟು ಕಾಗದದ ಲಕೋಟೆಯಲ್ಲಿ ಹಾಕಿ, ಹೊರಗೆ ಊರು, ವರ್ಷ, ನಿಂತವರ ಹೆಸರು ಬರೆದಿಡಬೇಕು. ಹೆಸರು ಹೇಳಬಲ್ಲ ಅಜ್ಜ ಅಜ್ಜಿ ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು. ದಸರಾ ರಜೆ ಅದಕ್ಕೆ ಒಳ್ಳೆಯ ಸಮಯ.