ಅವಳು ಓದಿದ ಊರಿಗೆ ನಾವಿಬ್ಬರೂ

ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದರೂ ಒಬ್ಬರ ಬದುಕಿನ ಒಂದೆರಡು ವರ್ಷ ಇನ್ನೊಬ್ಬರಿಗೆ ತಿಳಿಯದೆ ಉಳಿದುಬಿಡುವುದುಂಟು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. 2001ರಿಂದ 2003ರವರೆಗೆ ನಮ್ಮಲ್ಲಿ ಹೆಂಡತಿ ವಿದ್ಯಾರ್ಥಿವೇತನ ಪಡೆದು ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನ ಓದಿದಳು. ಗಂಡ ಇಲ್ಲಿ ಕಾಸರಗೋಡಿನಲ್ಲಿ ಎರಡು ವರ್ಷದ ಮಗಳನ್ನೂ ಅಡಿಕೆ ತೋಟವನ್ನೂ ನೋಡಿಕೊಂಡ. "ಹಾಲು ಕುಡಿಯುವ ಮಗುವನ್ನು ಬಿಟ್ಟು ಹೋಗುವುದೇ?" ಎಂದು ಕೇಳಿದವರು ಊರಲ್ಲಿ ಬಹಳ ಮಂದಿ. ಮನೆಯ ಹಿರಿಯರು ಮಾತ್ರ "ಹೋಗಿ ಬಾ ಮಗಳೇ, ಮಗು ನಮ್ಮ ಹತ್ತಿರ ಇರಲಿ" ಎಂದು ಕಳುಹಿಸಿಕೊಟ್ಟರು.

ಆ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. 2023ರಲ್ಲಿ ನಮ್ಮ ಮದುವೆಯ ಬೆಳ್ಳಿ ಹಬ್ಬಕ್ಕೆ ತನ್ನ ಸಂಬಳದಿಂದ ಎರಡು ಟಿಕೆಟು ತೆಗೆಸಿ, "ಅಮ್ಮ ಓದಿದ ಜಾಗ ಪಪ್ಪನಿಗೂ ತೋರಿಸಿ ಬನ್ನಿ" ಎಂದಳು. ವೀಸಾಕ್ಕೆ ಕಾಗದಪತ್ರ ಜೋಡಿಸುವಷ್ಟರಲ್ಲಿ ಸಾಕುಸಾಕಾಯಿತು. ಆದರೂ ಮೇ ತಿಂಗಳಲ್ಲಿ ಹೊರಟೆವು.

ಬ್ರಸೆಲ್ಸ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಕಾಲು ಗಂಟೆಯೊಳಗೆ ಲೂವೆನ್ ಬರುತ್ತದೆ. ನಮ್ಮ ಕಡೆಯ ಕಾಲೇಜುಗಳ ಹಾಗೆ ಅಲ್ಲಿ ಒಂದು ಗೇಟು, ಒಳಗೆ ಕ್ಯಾಂಪಸ್ಸು ಎಂಬುದಿಲ್ಲ. ಊರೇ ವಿಶ್ವವಿದ್ಯಾಲಯ. ಬೇಕರಿಯ ಪಕ್ಕದಲ್ಲಿ ಒಂದು ವಿಭಾಗ, ದೇವಾಲಯದ ಹಿಂದೆ ಇನ್ನೊಂದು. ಎಲ್ಲಿ ನೋಡಿದರೂ ಸೈಕಲ್ಲು. 1425ರಲ್ಲಿ ಪೋಪ್ ಐದನೆಯ ಮಾರ್ಟಿನ್ ಅವರ ಅನುಮತಿಯಿಂದ ಆರಂಭವಾದ ಈ ವಿದ್ಯಾಸಂಸ್ಥೆಗೆ 2025ರಲ್ಲಿ 600 ವರ್ಷ ತುಂಬಿತು. ಹಳೆಯ ಬೆಗಿನಾಜ್‌ನಲ್ಲಿ ಡೈಲ್ ನದಿಯ ಮೇಲಿನ ಚಿಕ್ಕ ಸೇತುವೆಗಳನ್ನೂ ಕೆಂಪು ಇಟ್ಟಿಗೆಯ ಮನೆಗಳನ್ನೂ ನೋಡುತ್ತಾ ನಡೆದೆವು. ಹಿಂದೆ ಬೆಗಿನ್ ಎಂಬ ಭಕ್ತ ಸ್ತ್ರೀಯರು ವಾಸವಿದ್ದ ಆ ಬೀದಿಗಳನ್ನು ವಿಶ್ವವಿದ್ಯಾಲಯ 1962ರಲ್ಲಿ ಕೊಂಡು ದುರಸ್ತಿ ಮಾಡಿಸಿತು. ಈಗ ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿದ್ದಾರೆ.

ಅವಳ ಬಾಡಿಗೆ ಕೋಣೆ ಇದ್ದದ್ದು ಬೇರೆ ಬೀದಿಯಲ್ಲಿ. ಮೂರನೆಯ ಮಹಡಿಯ ಕಿಟಕಿಯಲ್ಲಿ ಈಗ ಬೇರೆ ಯಾರದೋ ಪರದೆ. ಹೊರಗೇ ನಿಂತು ನೋಡಿದೆವು. "ಒಣಮೀನು ಹುರಿದು ಬೈಗುಳ ತಿಂದ ಅಡಿಗೆಮನೆ ಇದೇನಾ?" ಎಂದು ಗಂಡ ಕೇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಕಟ್ಟಿಕೊಟ್ಟಿದ್ದ ಒಣಮೀನಿನ ಪೊಟ್ಟಣದ ಕತೆ ನಮ್ಮ ಮನೆಯಲ್ಲಿ ನೂರು ಸಲ ಹೇಳಿ ಆಗಿದೆ.

ಮನಸ್ಸಿಗೆ ಹೆಚ್ಚು ತಾಗಿದ್ದು ಗ್ರಂಥಾಲಯ. 1914ರ ಆಗಸ್ಟ್‌ನಲ್ಲಿ ಜರ್ಮನ್ ಸೈನಿಕರು ಹಳೆಯ ಗ್ರಂಥಾಲಯಕ್ಕೆ ಬೆಂಕಿ ಹಚ್ಚಿದಾಗ ಲಕ್ಷಗಟ್ಟಲೆ ಪುಸ್ತಕ, ಕೈಬರಹದ ಪ್ರತಿಗಳು ಸುಟ್ಟುಹೋದವು. ಅಮೆರಿಕದ ಶಾಲಾ ಕಾಲೇಜುಗಳ ದೇಣಿಗೆಯಿಂದ ಹೊಸ ಕಟ್ಟಡ 1928ರಲ್ಲಿ ಎದ್ದು ನಿಂತಿತು. ದೇಣಿಗೆ ಕೊಟ್ಟವರ ಹೆಸರು ಗೋಡೆಯ ಕಲ್ಲುಗಳಲ್ಲಿ ಇವತ್ತಿಗೂ ಕಾಣುತ್ತವೆ. 1940ರ ಮೇ ತಿಂಗಳಲ್ಲಿ ಅದೂ ಸುಟ್ಟಿತು. ಸುಮಾರು 9 ಲಕ್ಷ ಪುಸ್ತಕ ಬೂದಿಯಾಯಿತು. ಮತ್ತೆ ಕಟ್ಟಿದರು.

ಬಳಿಕ ಭಾಷೆಯ ಜಗಳ ಬಂತು. ಡಚ್ ಮಾತಾಡುವ ನೆಲದಲ್ಲಿ ಫ್ರೆಂಚ್ ವಿಭಾಗ ಇರಕೂಡದೆಂಬ ಚಳವಳಿಯಿಂದ 1968ರಲ್ಲಿ ಬೆಲ್ಜಿಯಂ ಸರ್ಕಾರವೇ ಬಿತ್ತು. ವಿಶ್ವವಿದ್ಯಾಲಯ ಎರಡಾಯಿತು. ಫ್ರೆಂಚ್ ಭಾಗದವರು ಮೂವತ್ತು ಕಿಲೋಮೀಟರಿನೊಳಗೆ ಭಾಷೆಯ ಗಡಿಯಾಚೆ ಹೊಸ ಊರನ್ನೇ ಕಟ್ಟಿಕೊಂಡರು. ಪುಸ್ತಕಗಳೂ ಪಾಲಾದವು: ಬೆಸ ಸಂಖ್ಯೆಯವು ಒಂದು ಕಡೆಗೆ, ಸಮ ಸಂಖ್ಯೆಯವು ಇನ್ನೊಂದು ಕಡೆಗೆ! ಇದನ್ನು ಕೇಳಿದವರಿಗೆ ನಗು ಬರಬಹುದು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರಾದ ನಮಗೆ ಬರಲಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದವರು ನಾವು. ಗಡಿ ಎಂಬುದು ಅಡಿಗೆಮನೆಯ ತನಕ ಬರುತ್ತದೆಂದು ನಮಗೆ ಗೊತ್ತು.

ಗ್ರಂಥಾಲಯದ ಎದುರಿನ ಚೌಕದಲ್ಲಿ ಕುಳಿತೆವು. ಹಿಂದೆ ಅಲ್ಲೊಂದು ಫೋನ್ ಬೂತ್ ಇತ್ತಂತೆ, ಈಗಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅವಳು ಕಾರ್ಡು ಹಾಕಿ ಫೋನ್ ಮಾಡುತ್ತಿದ್ದಳು. ಚಳಿಗಾಲದಲ್ಲಿ ನಮ್ಮಲ್ಲಿ ಆಗ ಸಂಜೆ ನಾಲ್ಕೂವರೆ. ಗೋಪುರದ ಗಂಟೆಗಳು ಬಾರಿಸತೊಡಗಿದಾಗ ಗಂಡ ಹೇಳಿದ: "ಈ ನಾದ ನನಗೆ ಗೊತ್ತು. ನಿನ್ನ ಮಾತಿನ ಹಿಂದೆ ಕೇಳುತ್ತಿತ್ತು."

ಆಗ ಅವಳು, ಇಪ್ಪತ್ತು ವರ್ಷ ಹೇಳದೆ ಇದ್ದದ್ದನ್ನು ಹೇಳಿದಳು. ಮೊದಲ ನವೆಂಬರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಹೋಗಿ, ಎರಡು ಗಂಟೆ ಕುಳಿತು, ವಾಪಸು ಬಂದಿದ್ದಳಂತೆ. ಅವನೂ ಹೇಳಿದ. ಆ ದಿನಗಳಲ್ಲೇ ಮಗಳು ಅವನ ತಂಗಿಯನ್ನು "ಅಮ್ಮ" ಎಂದು ಕರೆಯತೊಡಗಿದ್ದಳು. ಫೋನಿನಲ್ಲಿ ಇದನ್ನು ಹೇಳಿದ್ದರೆ ಅವಳು ಮರುದಿನವೇ ಹೊರಟು ಬರುತ್ತಿದ್ದಳು.

ಅವಳು ಅತ್ತಳು. ಅವನೂ ಅತ್ತ. ಸುತ್ತಲಿನ ವಿದ್ಯಾರ್ಥಿಗಳು ಯಾರೂ ತಿರುಗಿ ನೋಡಲಿಲ್ಲ. ಒಬ್ಬರಿಗೊಬ್ಬರು ನೋವು ಕೊಡಬಾರದೆಂದು ಇಬ್ಬರೂ ಅರ್ಧರ್ಧ ಕತೆಯನ್ನು ಒಳಗೇ ಇಟ್ಟುಕೊಂಡಿದ್ದೆವು. ಆ ದಿನ ಎರಡು ಅರ್ಧಗಳೂ ಒಂದೆಡೆ ಸೇರಿದವು.

ಹೊರಡುವ ಮುನ್ನ ಸಂತ ದಾಮಿಯಾನರ ಸಮಾಧಿಗೆ ಹೋಗಿ ಮೊಂಬತ್ತಿ ಹಚ್ಚಿದೆವು. ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನಡುವೆ ದುಡಿದು 1889ರಲ್ಲಿ ತೀರಿಕೊಂಡ ಅವರು ತಾಯ್ನಾಡಿಗೆ ಮರಳಿದ್ದು 1936ರಲ್ಲಿ, ಶವಪೆಟ್ಟಿಗೆಯಲ್ಲಿ. ದೂರ ಹೋದವರೆಲ್ಲ ಜೀವಂತ ಮರಳಿ ಬರುವ ಭಾಗ್ಯ ಪಡೆದಿರುವುದಿಲ್ಲ. ನಮಗೆ ಅದು ಸಿಕ್ಕಿತು.

ನಮ್ಮ ಊರುಗಳಲ್ಲಿ ದುಬೈ, ಕುವೈತ್ ಎಂದು ಒಬ್ಬರು ಹೋಗಿ ಒಬ್ಬರು ಉಳಿದ ಮನೆಗಳು ಎಷ್ಟೋ ಇವೆ. ಹೋದವರಿಗೂ ಒಂದು ಕತೆ ಇದೆ, ಉಳಿದವರಿಗೂ ಒಂದು ಕತೆ ಇದೆ. ಅಲ್ಲಿಯವರೆಗೆ ಹೋಗಿ ನೋಡುವ ಅನುಕೂಲ ಎಲ್ಲರಿಗೂ ಇರಲಾರದು. ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, "ನೀವು ಅಲ್ಲಿ ಭಾನುವಾರ ಏನು ಮಾಡುತ್ತಿದ್ದಿರಿ?" ಎಂದು ಕೇಳಬಹುದಲ್ಲ? ಅದಕ್ಕೆ ವೀಸಾ ಬೇಕಾಗಿಲ್ಲ.