ಮುಳ್ಳು ಮೇಲೇರಿದಾಗ

ಜುಲೈ ತಿಂಗಳ ಒಂದು ಭಾನುವಾರ. ಇಂಗ್ಲೆಂಡಿನಲ್ಲಿ ಅಪರೂಪಕ್ಕೆ ಬಿಸಿಲು ಚುರುಗುಟ್ಟುವ ಮಧ್ಯಾಹ್ನ. ಕಾವೆಂಟ್ರಿ ನಗರದ ಹೊರವಲಯದಲ್ಲಿ ರಸ್ತೆ ದುರಸ್ತಿ ನಡೆದಿದೆ. ವಾಹನಗಳ ಸಾಲು ಮೈಲುದ್ದ ಬೆಳೆದಿದೆ. ಆ ಸಾಲಿನ ನಡುವೆ ಉದ್ದ ಮೂತಿಯ, ಕೆಂಪು ಬಣ್ಣದ ಹಳೆಯ ಜಾಗ್ವಾರ್ ಇ-ಟೈಪ್ ಕಾರೊಂದು ಸಿಕ್ಕಿಕೊಂಡಿದೆ. ಅಕ್ಕಪಕ್ಕದ ಕಾರುಗಳಲ್ಲಿರುವ ಮಕ್ಕಳು ಕಿಟಕಿಯಿಂದ ಬಗ್ಗಿ ಅದನ್ನೇ ನೋಡುತ್ತಿದ್ದಾರೆ. ಒಳಗೆ ಕುಳಿತ ಒಡೆಯನಿಗೆ ಮಾತ್ರ ಆ ಮೆಚ್ಚುಗೆಯ ಕಡೆ ಗಮನವಿಲ್ಲ. ಆತನ ಕಣ್ಣು ನೆಟ್ಟಿರುವುದು ಎದುರಿನ ಫಲಕದಲ್ಲಿರುವ ಒಂದು ಪುಟ್ಟ ಮುಳ್ಳಿನ ಮೇಲೆ. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಆ ಮುಳ್ಳು 80 ಡಿಗ್ರಿಯಿಂದ 90ಕ್ಕೆ, 90ರಿಂದ 100ರ ಕಡೆಗೆ ಮೆಲ್ಲಗೆ ಸರಿಯುತ್ತಿದೆ.

ಪಕ್ಕದಲ್ಲಿ ಹದಿನೈದರ ಮಗಳು. ಅವಳೂ ಮುಳ್ಳನ್ನು ನೋಡಿದ್ದಾಳೆ.

"ನಿಲ್ಲಿಸಿಬಿಡು ಅಪ್ಪ."

"ಇನ್ನು ಅರ್ಧ ಮೈಲಿ ಅಷ್ಟೆ. ಆಮೇಲೆ ರಸ್ತೆ ಖಾಲಿ."

ಹಾಗೆಂದ ಕೂಡಲೇ ಆತನಿಗೆ ಹಿಂದಿನ ಬೇಸಿಗೆ ನೆನಪಾಯಿತು. ಆಗಲೂ ಅರ್ಧ ಮೈಲಿಯೇ. ಆ ಅರ್ಧ ಮೈಲಿಯ ಬೆಲೆಯನ್ನು ಚಳಿಗಾಲದುದ್ದಕ್ಕೂ ತೆತ್ತದ್ದಾಗಿತ್ತು.

ಈ ತಂದೆ, ಮಗಳು ಕಲ್ಪನೆಯವರು. ಆದರೆ ಕಾರು ಕಲ್ಪನೆಯದಲ್ಲ. ಅವರ ಸಂಕಟವೂ ಅಲ್ಲ. ಇ-ಟೈಪ್ ಸಾಕಿಕೊಂಡ ಬಹುತೇಕ ಮನೆಗಳಿಗೆ ಅದು ಪರಿಚಿತ.

ಜಾಗ್ವಾರ್ ಕಂಪನಿ ಈ ಕಾರನ್ನು ಜಗತ್ತಿಗೆ ತೋರಿಸಿದ್ದು 1961ರ ಮಾರ್ಚ್ ತಿಂಗಳಲ್ಲಿ, ಜಿನೀವಾದ ಮೋಟಾರು ಪ್ರದರ್ಶನದಲ್ಲಿ. 3.8 ಲೀಟರಿನ, ಆರು ಸಿಲಿಂಡರುಗಳ ಎಂಜಿನ್ನು. ಕಂಪನಿ ಹೇಳಿಕೊಂಡ ಶಕ್ತಿ 265 ಅಶ್ವಶಕ್ತಿ. ವೇಗ ಗಂಟೆಗೆ 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರು. ಅದರ ಮೈಕಟ್ಟನ್ನು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು. ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರವನ್ನು ಅವರು ಲೆಕ್ಕ ಹಾಕಿ ಬರೆದರು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಒಂದು ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 2008ರಲ್ಲಿ ನಮ್ಮ ದೇಶದ ಟಾಟಾ ಮೋಟಾರ್ಸ್ ಜಾಗ್ವಾರನ್ನೇ ಕೊಂಡಿತು.

ಆದರೆ ಗಾಳಿಯನ್ನು ಸೀಳಬೇಕಾದರೆ ಮೂತಿ ಚೂಪಾಗಿರಬೇಕು, ಬಾಯಿ ಚಿಕ್ಕದಾಗಿರಬೇಕು. ಎಂಜಿನ್ನನ್ನು ತಣಿಸುವ ಗಾಳಿ ಒಳಗೆ ಬರುವುದೂ ಅದೇ ಬಾಯಿಯಿಂದ! ಕಾರು ಓಡುತ್ತಿರುವಾಗ ಚಿಂತೆಯಿಲ್ಲ, ಗಾಳಿ ತಾನಾಗಿ ನುಗ್ಗುತ್ತದೆ. ಕಾರು ನಿಂತರೆ ರೇಡಿಯೇಟರಿನ ಹಿಂದಿರುವ ಒಂದೇ ಒಂದು ವಿದ್ಯುತ್ ಪಂಖವೇ ಗತಿ. ಮೊದಲ ಕಾರುಗಳಲ್ಲಿದ್ದ ಡೈನಮೋ ಎಂಜಿನ್ನು ನಿಧಾನವಾಗಿ ತಿರುಗುವಾಗ ಹೆಚ್ಚು ವಿದ್ಯುತ್ತು ಕೊಡುವುದಿಲ್ಲ. ಹೀಗಾಗಿ ಗಾಳಿ ತೀರ ಬೇಕಾದ ಹೊತ್ತಿನಲ್ಲೇ ಪಂಖ ಸೊರಗುತ್ತಿತ್ತು. 1964ರ ಮಾದರಿಗೆ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. 1968ರ ಎರಡನೆಯ ಸರಣಿಯಲ್ಲಿ ಬಾಯಿಯನ್ನು ಅಗಲ ಮಾಡಿ, ಪಂಖಗಳನ್ನು ಎರಡು ಮಾಡಿದರು. ಅಂದ ಸ್ವಲ್ಪ ಕಡಿಮೆಯಾಯಿತೆಂದು ಹಲವರು ಮೂಗು ಮುರಿದರು. ಎಂಜಿನ್ನು ಮಾತ್ರ ನಿಟ್ಟುಸಿರು ಬಿಟ್ಟಿರಬೇಕು.

ಅಷ್ಟಕ್ಕೂ ಇಷ್ಟು ಶಾಖ ಎಲ್ಲಿಂದ ಬರುತ್ತದೆ? ಪೆಟ್ರೋಲು ಉರಿದಾಗ ಹೊಮ್ಮುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ, ಅನೇಕ ವೇಳೆ ಅದಕ್ಕಿಂತ ಕಡಿಮೆ, ಚಕ್ರ ತಿರುಗಿಸುವ ಕೆಲಸಕ್ಕೆ ಸಲ್ಲುತ್ತದೆ. ಇನ್ನೊಂದು ದೊಡ್ಡ ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಉಳಿದದ್ದನ್ನು ಬಹುಪಾಲು ನೀರು ಹೊತ್ತುಕೊಂಡು ಹೋಗಿ ಗಾಳಿಗೆ ಒಪ್ಪಿಸಬೇಕು. ಎಂಜಿನ್ನು 30 ಕಿಲೋವ್ಯಾಟ್ ಕೆಲಸ ಮಾಡುತ್ತಿದ್ದರೆ, ನೀರಿಗೂ ಹೆಚ್ಚು ಕಡಿಮೆ ಅಷ್ಟೇ ಶಾಖ ಸೇರುತ್ತಿರುತ್ತದೆ. ಸ್ನಾನದ ಮನೆಯ 2 ಕಿಲೋವ್ಯಾಟಿನ ಗೀಸರುಗಳು ಹದಿನೈದು ಒಟ್ಟಿಗೆ ಉರಿದಂತೆ! ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿಯನ್ನು ದಾಟುತ್ತದೆ. ಅದರ ತಲೆಯ ಮೇಲೆ ಕೂತಿರುವ 'ಹೆಡ್' ಅಲ್ಯೂಮಿನಿಯಮ್ಮಿನದು. ಅದು 660 ಡಿಗ್ರಿಗೆ ಕರಗುವ ಲೋಹ. ಕರಗದೆ ಉಳಿದಿರುವುದು ಪಕ್ಕದಲ್ಲೇ ಹರಿಯುವ ನೀರಿನ ಕೃಪೆಯಿಂದ.

ಕರಗುವ ಮಾತು ಹಾಗಿರಲಿ, ಸೊಟ್ಟಗಾದರೂ ಸಾಕು ಕೆಡಲು. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಮ್ಮಿನದು, ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಎರಡು ತುಂಡುಗಳನ್ನು 80 ಡಿಗ್ರಿಯಷ್ಟು ಬಿಸಿ ಮಾಡಿದರೆ ಅವುಗಳ ನಡುವೆ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಇಷ್ಟನ್ನು ಎಂಜಿನ್ನು ಸಹಿಸಿಕೊಳ್ಳುವಂತೆ ಕಟ್ಟಿರುತ್ತಾರೆ. ಮಿತಿ ಮೀರಿದರೆ ಬೋಲ್ಟುಗಳ ಬಿಗಿತದಲ್ಲಿ ಸಿಕ್ಕಿದ ಹೆಡ್ ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹರಿಯುತ್ತದೆ. ಹಿಂದಿನ ಬೇಸಿಗೆಯಲ್ಲಿ ಆದದ್ದು ಅದೇ.

ಕರ್ನಾಟಕದ ಓದುಗರಿಗೂ ಈ ದೃಶ್ಯ ಹೊಸದಲ್ಲ. ಚಾರ್ಮಾಡಿ, ಶಿರಾಡಿ ಘಾಟಿಗಳ ತಿರುವಿನಲ್ಲಿ ಬಾನೆಟ್ಟು ಎತ್ತಿ, ಹಬೆಯಾಡುತ್ತ ನಿಂತ ಅಂಬಾಸಡರುಗಳನ್ನು ಹಿರಿಯರು ಕಂಡಿದ್ದಾರೆ. ಆ ಅಂಬಾಸಡರ್ ಕೂಡ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಏರಿನಲ್ಲಿ ಎಂಜಿನ್ನಿಗೆ ದುಡಿತ ಹೆಚ್ಚು, ವೇಗ ಕಡಿಮೆ, ಆದ್ದರಿಂದ ಗಾಳಿಯೂ ಕಡಿಮೆ. ಮೇಲೇರಿದಂತೆ ವಾಯುವಿನ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ.

ಇದಕ್ಕಾಗಿಯೇ ರೇಡಿಯೇಟರಿಗೆ ಒತ್ತಡದ ಮುಚ್ಚಳವಿರುವುದು. ಅಡುಗೆಮನೆಯ ಪ್ರೆಶರ್ ಕುಕ್ಕರಿನದೇ ತತ್ವ. ಹೊರಗಿಗಿಂತ ಅರ್ಧ ವಾಯುಮಾನದಷ್ಟು ಒತ್ತಡ ಹೆಚ್ಚಾದರೆ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಆದ್ದರಿಂದ ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ತೆರೆದೊಡನೆ ಒತ್ತಡ ಬಿದ್ದು, ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರಿನ ಉಗಿ ಇಳಿಯುವ ಮುಂಚೆ ಮುಚ್ಚಳ ಎಳೆಯಬಾರದೆಂದು ಅಮ್ಮ ಹೇಳುವುದು ಇದನ್ನೇ.

ಆ ಭಾನುವಾರ ತಂದೆ ಅರ್ಧ ಮೈಲಿಯ ಆಸೆಯನ್ನು ಬಿಟ್ಟ. ಮೊದಲು ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸಿದ. ಸುಡು ಬಿಸಿಲಿನಲ್ಲಿ ಹೀಟರೇ ಎಂದು ಪಕ್ಕದ ಕಾರಿನವರು ನಕ್ಕಿರಬಹುದು. ಆದರೆ ಹೀಟರೆಂಬುದು ಒಂದು ಪುಟ್ಟ ರೇಡಿಯೇಟರು. ಎಂಜಿನ್ನಿನ ಶಾಖವನ್ನು ಪ್ರಯಾಣಿಕರ ಕಾಲಿಗೆ ಬಡಿದು, ಎಂಜಿನ್ನನ್ನು ಒಂದಿಷ್ಟು ಉಳಿಸುತ್ತದೆ. ಅದರಿಂದಲೂ ಮುಳ್ಳು ಇಳಿಯದಿದ್ದಾಗ ಕಾರನ್ನು ಹುಲ್ಲಿನ ಅಂಚಿಗೆ ತಂದು ಎಂಜಿನ್ ಆರಿಸಿದ. ಮುಚ್ಚಳ ಮುಟ್ಟಲಿಲ್ಲ, ತಣ್ಣೀರು ಸುರಿಯಲಿಲ್ಲ. ಕಾದ ಲೋಹಕ್ಕೆ ತಣ್ಣೀರು ತಾಕಿದರೆ ಬಿರುಕು ಬಿಡುತ್ತದೆ. ಒಂದು ಗಂಟೆ ಇಬ್ಬರೂ ಮರದ ನೆರಳಿನಲ್ಲಿ ಸುಮ್ಮನೆ ಕುಳಿತರು.

"ಹೊಸ ರೇಡಿಯೇಟರ್ ಹಾಕಿಸಿಬಿಡುತ್ತೇನೆ" ಅಂದ ತಂದೆ. ಅದಕ್ಕೆಂದು ಹಣವನ್ನೂ ಕೂಡಿಟ್ಟಿದ್ದ.

"ತಪ್ಪು ಅದರದ್ದೇ ಅಂತ ಹೇಗೆ ಗೊತ್ತು?" ಎಂದು ಮಗಳು ಕೇಳಿದಳು.

ಆತನಲ್ಲಿ ಉತ್ತರವಿರಲಿಲ್ಲ. ಮುಂದಿನ ಎರಡು ವಾರ ಮಗಳು ಒಂದು ನೋಟ್‌ಬುಕ್ಕು, ಒಂದು ಇನ್‌ಫ್ರಾರೆಡ್ ಉಷ್ಣತಾಮಾಪಕ ಹಿಡಿದು ಕಾರಿನ ಹಿಂದೆ ಬಿದ್ದಳು. ಮೊದಲು ಮುಳ್ಳು ಹೇಳುವುದು ನಿಜವೇ ಎಂದು ನೋಡಬೇಕಿತ್ತು; ಹಳೆಯ ಕಾರುಗಳ ಮಾಪಕಗಳು ಸುಳ್ಳು ಹೇಳುವುದುಂಟು. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಮಾಪಕವೂ ತಪ್ಪು ತೋರಿಸುತ್ತದೆಂದು ತಿಳಿದು, ಅಲ್ಲಲ್ಲಿ ಕಪ್ಪು ಟೇಪು ಅಂಟಿಸಿ ಅಳೆದಳು. ಮುಳ್ಳು ನಿಜವನ್ನೇ ಹೇಳುತ್ತಿತ್ತು.

ನಂತರದ ಪ್ರಶ್ನೆ: ಕಾರು ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ? ನಿಂತಾಗ ಮಾತ್ರ ಬಿಸಿಯಾದರೆ ಕೊರತೆ ಗಾಳಿಯದು; ಪಂಖವನ್ನು ನೋಡಬೇಕು. ಖಾಲಿ ರಸ್ತೆಯಲ್ಲಿ ವೇಗವಾಗಿ ಓಡುವಾಗಲೂ ಬಿಸಿಯಾದರೆ ಗಾಳಿಯನ್ನು ದೂರಿ ಫಲವಿಲ್ಲ. ತೊಡಕು ಹೆಚ್ಚಾಗಿ ನೀರಿನ ಹರಿವಿನಲ್ಲಿರುತ್ತದೆ. ಈ ಕಾರು ಓಡುವಾಗಲೂ 95ಕ್ಕೆ ಏರುತ್ತಿತ್ತು.

ಮೂರನೆಯ ಅಳತೆ ಅವಳನ್ನು ಬೆರಗುಗೊಳಿಸಿತು. ರೇಡಿಯೇಟರಿಗೆ ಹೋಗುವ ಕೊಳವೆ 95 ಡಿಗ್ರಿ. ಹೊರಬರುವ ಕೊಳವೆ ಬರೀ 60! ರೇಡಿಯೇಟರಿನ ಮೈಯಲ್ಲಿ ಎಲ್ಲೂ ಕಟ್ಟಿಕೊಂಡ ತಣ್ಣನೆಯ ಭಾಗಗಳಿರಲಿಲ್ಲ. ಎಂದರೆ ತನ್ನ ಬಳಿಗೆ ಬಂದ ನೀರನ್ನು ಅದು ಚೆನ್ನಾಗಿಯೇ ತಣಿಸುತ್ತಿತ್ತು. ಬರುತ್ತಿದ್ದ ನೀರೇ ಕಡಿಮೆ. ಹಾಗಾದರೆ ಉಳಿದ ನೀರು ಎಲ್ಲಿ ಹೋಗುತ್ತಿದೆ? ಎಂಜಿನ್ನಿನಿಂದ ನೇರವಾಗಿ ಪಂಪಿಗೆ ಮರಳುವ ಒಂದು ಮೋಟು ಕೊಳವೆ ಸುಡುತ್ತಿತ್ತು. ಅದು ಅಡ್ಡದಾರಿ.

"ಅಪ್ಪ, ಇಲ್ಲಿ ಥರ್ಮೋಸ್ಟಾಟ್ ಇರಬೇಕಲ್ಲ?"

ತಂದೆ ತಲೆ ತಗ್ಗಿಸಿದ. ಹಿಂದಿನ ಬೇಸಿಗೆಯಲ್ಲಿ, ಕಾರು ಮೊದಲ ಸಲ ಸ್ವಲ್ಪ ಬಿಸಿಯಾದಾಗ, ಯಾರೋ ಕೊಟ್ಟ ಸಲಹೆಯಂತೆ ಅದನ್ನು ಕಿತ್ತು ಹಾಕಿದ್ದ. ನೀರಿನ ದಾರಿಯಲ್ಲಿ ಅಡ್ಡ ಕೂತ ವಸ್ತು ಹೋದರೆ ನೀರು ಸಲೀಸಾಗಿ ಹರಿದು ಎಂಜಿನ್ನು ತಂಪಾಗಿರುತ್ತದೆ ಎಂಬುದು ಆತನ ಲೆಕ್ಕ. ಗ್ಯಾಸ್ಕೆಟ್ ಹರಿದದ್ದು ಅದಾದ ಕೆಲವೇ ದಿನಗಳಲ್ಲಿ. ಎರಡನ್ನೂ ಆತ ಜೋಡಿಸಿ ನೋಡಿರಲಿಲ್ಲ.

ಥರ್ಮೋಸ್ಟಾಟ್ ಬಾಗಿಲು ಕಾಯುವವನಂತೆ. ಎಂಜಿನ್ನು ತಣ್ಣಗಿರುವಾಗ ರೇಡಿಯೇಟರಿನ ಬಾಗಿಲು ಮುಚ್ಚಿ, ನೀರನ್ನು ಅಡ್ಡದಾರಿಯಲ್ಲೇ ಸುತ್ತಿಸಿ ಬೇಗ ಬೆಚ್ಚಗಾಗಿಸುತ್ತದೆ. ಎಂಜಿನ್ನಿಗೆ ಶಾಖ ಶತ್ರುವಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಎಣ್ಣೆ ಮಂದವಾಗಿರುತ್ತದೆ, ಸವೆತ ಹೆಚ್ಚು. ನೀರು ಕಾದಮೇಲೆ ಥರ್ಮೋಸ್ಟಾಟ್ ರೇಡಿಯೇಟರಿನ ಬಾಗಿಲು ತೆರೆಯುತ್ತದೆ. ಈ ಎಂಜಿನ್ನಿನ ವಿಶೇಷವೆಂದರೆ, ಅದೇ ಹೊತ್ತಿಗೆ ಥರ್ಮೋಸ್ಟಾಟಿನ ಒಂದು ಬಳೆ ಅಡ್ಡದಾರಿಯನ್ನು ಮುಚ್ಚುತ್ತದೆ. ಕಾವಲುಗಾರನನ್ನೇ ಓಡಿಸಿದರೆ ಅಡ್ಡದಾರಿ ಸದಾ ತೆರೆದಿರುತ್ತದೆ. ನೀರಿಗೂ ಸುಲಭದ ದಾರಿಯೇ ಇಷ್ಟ. ಬಿಸಿ ನೀರಿನ ಒಂದು ಪಾಲು ತಣಿಯದೆ ಎಂಜಿನ್ನಿಗೇ ಮರಳುತ್ತದೆ. ತಂಪಾಗಲೆಂದು ಮಾಡಿದ ಉಪಾಯ ಬೆಂಕಿಗೆ ತುಪ್ಪ ಸುರಿದಿತ್ತು.

ಹೊಸ ಥರ್ಮೋಸ್ಟಾಟಿನ ಬೆಲೆ ರೇಡಿಯೇಟರಿನ ಬೆಲೆಯ ಮುಂದೆ ಏನೇನೂ ಅಲ್ಲ. ಬಳೆಯಿರುವ ಸರಿಯಾದ ಬಗೆಯದನ್ನೇ ಹುಡುಕಿ ತಂದರು. ಹಾಕುವ ಮುನ್ನ ಮಗಳು ಅದನ್ನು ಅಡುಗೆಮನೆಯಲ್ಲಿ ಪರೀಕ್ಷಿಸಿದಳು. ಪಾತ್ರೆಯ ನೀರಿನಲ್ಲಿ ಅದನ್ನು ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣತಾಮಾಪಕ ಇಟ್ಟು, ಒಲೆ ಹಚ್ಚಿದಳು. ನೀರು 70 ದಾಟಿದರೂ ಅಲುಗಲಿಲ್ಲ. 75ರ ಹತ್ತಿರ, ಒಳಗಿನ ಮೇಣ ಕರಗಿ ಹಿಗ್ಗತೊಡಗಿದಂತೆ, ಕವಾಟ ಕೂದಲೆಳೆಯಷ್ಟು ಬಾಯಿ ಬಿಟ್ಟಿತು. 85ರ ಹೊತ್ತಿಗೆ ಪೂರ್ತಿ ತೆರೆದುಕೊಂಡಿತು. ಒಲೆ ಆರಿಸಿದಾಗ ಮೆಲ್ಲಗೆ ಮುಚ್ಚಿಕೊಂಡಿತು. ವಿದ್ಯುತ್ತಿಲ್ಲ, ತಂತಿಯಿಲ್ಲ, ಮೇಣದ ಒಂದು ಉಂಡೆ, ಒಂದು ಸ್ಪ್ರಿಂಗು. ತಂದೆ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದ.

ಹಿರಿಯರ ಸಲಹೆ, ವರ್ಷಗಳ ಅನುಭವ ಇವುಗಳಿಗೆ ಬೆಲೆ ಇದ್ದೇ ಇದೆ. ಆದರೆ ಅಳೆಯದೆ ಕಿತ್ತು ಹಾಕುವುದೂ ಅನುಭವವಲ್ಲ, ಅಳೆಯದೆ ಹೊಸದನ್ನು ಕೊಳ್ಳುವುದೂ ಅನುಭವವಲ್ಲ. 'ಹೇಗೆ ಗೊತ್ತು?' ಎಂದು ಮಕ್ಕಳು ಕೇಳಿದಾಗ ಅದು ಎದುರುತ್ತರವಲ್ಲ. ವಿಜ್ಞಾನ ಆರಂಭವಾಗುವುದೇ ಅಲ್ಲಿಂದ. ಇನ್ನೂ ಒಂದು ಮಾತಿದೆ. ಮುಳ್ಳು ಏರುತ್ತಿದ್ದಾಗ 'ನಿಲ್ಲಿಸು' ಎಂದವಳು ಮಗಳು. 'ಇನ್ನು ಅರ್ಧ ಮೈಲಿ' ಎಂದವನು ತಂದೆ. ಪರೀಕ್ಷೆಯ ತಿಂಗಳುಗಳಲ್ಲಿ ಈ ಸಂಭಾಷಣೆ ನಮ್ಮ ಮನೆಗಳಲ್ಲೂ ನಡೆಯುತ್ತದೆ. ಅಲ್ಲಿ 'ಇನ್ನೊಂದೇ ಅಧ್ಯಾಯ' ಎಂದಿರುತ್ತದೆ, ಅಷ್ಟೆ. ಮಕ್ಕಳ ಹಣೆಯ ಮೇಲೆ ಮುಳ್ಳು ಕಾಣಿಸುವುದಿಲ್ಲ. ಅವರು ಬಾಯಿಬಿಟ್ಟು ಹೇಳಿದಾಗಲಾದರೂ ಕೇಳಿಸಿಕೊಳ್ಳಬೇಕು.

ಆಗಸ್ಟಿನ ಇನ್ನೊಂದು ಭಾನುವಾರ ಅದೇ ರಸ್ತೆ, ಅದೇ ದುರಸ್ತಿ, ಅದೇ ಸಾಲು. ಮುಳ್ಳು 80ರಿಂದ ಏರಿತು. 90 ಮುಟ್ಟುವ ಮುಂಚೆ ಮುಂದಿನಿಂದ ಪಂಖ ಗುಂಯ್‌ಗುಟ್ಟತೊಡಗಿತು. ಮುಳ್ಳು ಅಲ್ಲೇ ನಿಂತಿತು, ತುಸು ಹೊತ್ತು ಯೋಚಿಸಿದಂತೆ ಮಾಡಿ, ಹಿಂದಕ್ಕೆ ಸರಿಯಿತು. ತಂದೆ ಇನ್ನೂ ಅದನ್ನೇ ನೋಡುತ್ತಿದ್ದ.

"ಅಪ್ಪ, ರಸ್ತೆ ನೋಡು" ಅಂದಳು ಮಗಳು. ಮುಂದಿನ ಕಾರು ಆಗಲೇ ಹೊರಟಿತ್ತು.